ಬಾಚಣಿಗೆ ಯಾವ ಕಡೆ ಐತೆ?

ಒಂದು ದಿನ, ಒಂದೇ ಒಂದು ದಿನ ಏನೂ ಎಡವಟ್ಟಾಗದೆ ಕಳೀಲಿ ಅಂತ ನಾನು ಕಾಯ್ತಾನೇ ಇದೀನಿ. ಕಾಲೇಜು ಸೇರಿ ನಾಲ್ಕನೇ ವರ್ಷ ನಡೀತಿದೆ, ಆ ದಿನ ಇನ್ನೂ ಬಂದಿಲ್ಲ. ನಾನು ಓದ್ತಿರೋದು ಆಪ್ಟೋಮೆಟ್ರಿ. ಅಂದ್ರೆ ಜನರನ್ನ ಕುರ್ಚಿ ಮೇಲೆ ಕೂರಿಸಿ, ಗೋಡೆ ಮೇಲಿನ ಚಾರ್ಟು ಓದಿಸಿ, ಯಾರಿಗೆ ಯಾವ ಕನ್ನಡಕ ಬೇಕು ಅಂತ ಹೇಳೋ ಕೆಲಸ. ಕೇಳೋಕೆ ಸುಲಭ. ಆ ಕುರ್ಚಿ ಮೇಲೆ ನಮ್ಮ ಮೊಳಕಾಲ್ಮೂರು, ಚಳ್ಳಕೆರೆ ಕಡೆಯವರು ಕೂತಾಗ ಗೊತ್ತಾಗುತ್ತೆ ಎಷ್ಟು ಸುಲಭ ಅಂತ.

ಮೊದಲು ನಮ್ಮನೆ ವಿಷಯ ಹೇಳಿಬಿಡ್ತೀನಿ, ಯಾಕಂದ್ರೆ ಎಲ್ಲ ಎಡವಟ್ಟೂ ಕೊನೆಗೆ ಅಲ್ಲಿಗೇ ಬಂದು ನಿಲ್ಲುತ್ತೆ. ಮೊಳಕಾಲ್ಮೂರಿನಲ್ಲಿ ನಮ್ಮದು ಮಗ್ಗದ ಬೀದಿ. ಮನೇಲಿ ಎರಡು ಮಗ್ಗ. ಒಂದರಲ್ಲಿ ಅಪ್ಪ ಪ್ಲೇನ್ ರೇಷ್ಮೆ ಸೀರೆ ನೇಯ್ತಾರೆ, ಇನ್ನೊಂದರಲ್ಲಿ ಅವ್ವ ಬುಟ್ಟಾ ಸೀರೆ ನೇಯ್ತಾಳೆ. ಬುಟ್ಟಾ ಅಂದ್ರೆ ಸೀರೆ ಮೈಮೇಲೆ ಬರೋ ಸಣ್ಣ ಸಣ್ಣ ಜರಿ ಹೂವು, ಜರಿ ಮಾವಿನಕಾಯಿ. ಒಂದೊಂದನ್ನೂ ಕೈಯಲ್ಲೇ ತುಂಬಬೇಕು. "ಪ್ಲೇನ್ ಸೀರೆ ಯಾರು ಬೇಕಾದ್ರೂ ನೇಯ್ತಾರೆ ಬಿಡು" ಅಂತ ಅವ್ವ ಅಪ್ಪನ ಎದುರಿಗೇ ಹೇಳ್ತಾಳೆ. ಅಪ್ಪ ಲಾಳಿ ಹೊಡೀತಾನೇ ಇರ್ತಾರೆ.

ಇಂಥ ಅವ್ವನಿಗೆ ಮೂರ್ನಾಲ್ಕು ವರ್ಷದಿಂದ ಹತ್ತಿರದ್ದು ಸರಿಯಾಗಿ ಕಾಣಿಸ್ತಿಲ್ಲ. ವಯಸ್ಸಿಗೆ ತಕ್ಕಂತೆ ಎಲ್ಲರಿಗೂ ಬರೋದೇ, ಒಂದು ಸಾದಾ ಕನ್ನಡಕ ಹಾಕ್ಕೊಂಡ್ರೆ ಮುಗೀತು. ಆದ್ರೆ ಕನ್ನಡಕದ ಮಾತೆತ್ತಿದ್ರೆ ಸಾಕು, ನನ್ನ ಮೇಲೆ ಹರಿಹಾಯ್ತಾಳೆ. ಎಳೆ ಕಡಿದು ಗಂಟು ಹಾಕೋಕಾಗದಿದ್ರೆ "ಈ ಬಲ್ಬು ಸರಿಯಿಲ್ಲ" ಅಂತಾಳೆ. ಅವಳ ಭಯಕ್ಕೂ ಕಾರಣ ಇದೆ. ನಮಗೆ ರೇಷ್ಮೆ, ಜರಿ ಕೊಟ್ಟು ಸೀರೆ ನೇಯಿಸೋ ಸಾವ್ಕಾರ್ರು, ಪಕ್ಕದ್ಮನೆ ದೊಡ್ಡಪ್ಪ ಕನ್ನಡಕ ಹಾಕ್ಕೊಂಡಿದ್ದು ನೋಡಿದ್ದೇ ತಡ, ಅವರಿಗೆ ಬುಟ್ಟಾ ಕೆಲಸ ನಿಲ್ಲಿಸಿ ಪ್ಲೇನ್ ಸೀರೆ ಕೊಟ್ಟುಬಿಟ್ರು. ಕನ್ನಡಕ ಬಂತು ಅಂದ್ರೆ ಕಣ್ಣು ಹೋಯ್ತು ಅಂತ ಅವರ ಲೆಕ್ಕ. ಮದುವೆಯಾಗಿ ಬಂದಾಗಿಂದ ಬುಟ್ಟಾ ಬಿಟ್ಟು ಬೇರೆ ನೇಯದ ಅವ್ವನಿಗೆ ಆ ಕೆಲಸ ಹೋದ್ರೆ ಜೀವವೇ ಹೋದಂಗೆ. ನನಗೋ, ಊರವರ ಕಣ್ಣೆಲ್ಲ ನೋಡ್ತೀನಿ, ಹೆತ್ತವ್ವನ ಕಣ್ಣು ನೋಡೋಕಾಗ್ತಿಲ್ಲ ಅಂತ ಹೊಟ್ಟೆ ಉರೀತಿತ್ತು.

ಇನ್ನೊಂದು ಮಾತು. ನಮ್ಮ ಬೀದೀಲಿ ಒಂದು ಪದ್ಧತಿ ಇದೆ. ಇನ್ನೊಬ್ಬರು ನೇಯ್ದಿದ್ರಲ್ಲಿ ತಪ್ಪು ಕಂಡ್ರೆ ಯಾರೂ ಬಾಯಿ ಬಿಡಬಾರದು. ಮಾತು ಸಾವ್ಕಾರ್ರ ಕಿವಿಗೆ ಬಿದ್ರೆ ಪಾಪ, ಅವರ ಕೆಲಸಕ್ಕೇ ಸಂಚಕಾರ. ಅದಕ್ಕೆ ಎಲ್ಲರೂ "ಚೆನ್ನಾಗೈತೆ" ಅಂತಾರೆ, ಹೋಗ್ತಾರೆ. ಇದನ್ನ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಡಾಕ್ಟ್ರೂ ಅಲ್ಲ, ನರ್ಸೂ ಅಲ್ಲ

ಕಾಲೇಜಿಗೆ ಹೋಗ್ಬೇಕಂದ್ರೆ ಮೊಳಕಾಲ್ಮೂರಿಂದ ಚಳ್ಳಕೆರೆ, ಅಲ್ಲಿಂದ ಮುಂದಕ್ಕೆ ಇನ್ನೊಂದು ಬಸ್ಸು. ಪಕ್ಕದಲ್ಲಿ ಕೂತವರು ಕೇಳದೆ ಬಿಡಲ್ಲ.

"ಏನ್ ಓದ್ತೀಯವ್ವಾ?"

"ಅಲೈಡ್ ಹೆಲ್ತ್ ಕೋರ್ಸು."

"ಅಂದ್ರೆ ಡಾಕ್ಟ್ರಾ?"

"ಅಲ್ರೀ."

"ನರ್ಸಾ?"

"ಅದೂ ಅಲ್ರೀ. ಎಕ್ಸ್‌ರೇ ತೆಗೆಯೋರು, ರಕ್ತ ಪರೀಕ್ಷೆ ಮಾಡೋರು, ಡಯಾಲಿಸಿಸ್ ಮಿಷನ್ ನೋಡ್ಕೊಳ್ಳೋರು ಇರ್ತಾರಲ್ಲ, ಅವರೆಲ್ಲ ಒಂದು ಗುಂಪು. ಅದ್ರಲ್ಲಿ ನಾನು ಕಣ್ಣು ಪರೀಕ್ಷೆ ಮಾಡೋಳು."

ಇಷ್ಟು ಹೇಳೋ ಹೊತ್ತಿಗೆ ಅವರ ಮುಖ ಸಪ್ಪೆಯಾಗಿರುತ್ತೆ. "ಹೋಗ್ಲಿ ಬಿಡು, ಮುಂದೆ ಚೆನ್ನಾಗಿ ಓದಿ ಡಾಕ್ಟ್ರಾಗು" ಅಂತ ಸಮಾಧಾನ ಹೇಳ್ತಾರೆ.

ನಾನು ಕಣ್ಣಿನೋಳು ಅಂತ ಅರ್ಥ ಮಾಡ್ಕೊಂಡವರು ಒಬ್ಬರೇ, ಅಪ್ಪನ ಸ್ನೇಹಿತರು, ದೇವಸಮುದ್ರದ ಕಡೆ ಕುರಿ ಸಾಕೋರು. ನಾನು ಮಾವ ಅಂತೀನಿ. ಅವರು ಅರ್ಥ ಮಾಡ್ಕೊಂಡಿದ್ದು ಸ್ವಲ್ಪ ಜಾಸ್ತಿನೇ ಆಯ್ತು. ಒಂದು ಭಾನುವಾರ ಗೂಡ್ಸ್ ಆಟೋದಲ್ಲಿ ಟಗರು ಏರಿಸ್ಕೊಂಡು ಮನೆ ಮುಂದೆ ಇಳಿದ್ರು.

"ನೋಡವ್ವಾ, ಇದು ಹೋಗಿ ಹೋಗಿ ಗೋಡೆಗೆ ಗುದ್ದುತೈತೆ. ಕಣ್ಣು ಕಾಣ್ಸಲ್ಲ ಅನ್ಸುತ್ತೆ."

"ಮಾವ, ನಾವು ಮನುಷ್ಯರ ಕಣ್ಣು ನೋಡೋದು. ಇದನ್ನ ದನದ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು."

"ನಾಲ್ಕು ವರ್ಷದ ಓದಲ್ಲಿ ಒಂದು ಟಗರಿನ ಕಣ್ಣು ಬರಲ್ವಾ?"

"ಪರೀಕ್ಷೆ ಮಾಡೋದು ಹೆಂಗೆ ಮಾವ? ಅದಕ್ಕೆ ಚಾರ್ಟ್ ಓದಕ್ಕೆ ಬರಲ್ಲ."

"ನಂಗೂ ಬರಲ್ಲ. ಹೋದ್ಸಲ ನನ್ನ ಕಣ್ಣು ನೋಡ್ಲಿಲ್ವಾ ನೀನು?"

"ನಿಮಗೆ ಓದಕ್ಕೆ ಬರದಿದ್ರೂ ಗುರುತು ಯಾವ ಕಡೆ ತಿರುಗೈತೆ ಅಂತ ಕೈ ತೋರಿಸಿ ಹೇಳಿದ್ರಲ್ಲ!"

ಮಾವ ಸ್ವಲ್ಪ ಯೋಚನೆ ಮಾಡಿದ್ರು. ಆಮೇಲೆ ಟಗರಿನ ಹಗ್ಗ ಅಪ್ಪನ ಕೈಗೆ ಕೊಟ್ಟು ತಾವೇ ಜಗಲಿ ಮೇಲೆ ಚಕ್ಕಂಬಕ್ಕಳ ಹಾಕ್ಕೊಂಡು ಕೂತ್ರು.

"ಆತು. ನಾನು ಕೈ ತೋರಿಸ್ತೀನಿ, ನೀನು ಟಗರಿಗೆ ಕನ್ನಡಕ ಬರೀ."

ಬಲ್ಬು

ಎರಡನೇ ವರ್ಷದಲ್ಲಿ ನಾವು ಒಬ್ಬರ ಕಣ್ಣಿಗೆ ಒಬ್ಬರು ಹನಿ ಹಾಕಿ ಕಲೀಬೇಕು. ಕಣ್ಣಿನ ಪಾಪೆ ದೊಡ್ಡದಾಗೋ ಹನಿ ಅದು. ಹಾಕಿದ್ಮೇಲೆ ಬೆಳಕು ಕಂಡ್ರೆ ಆಗಲ್ಲ, ಹತ್ತಿರದ್ದೆಲ್ಲ ಮಂಜು ಮಂಜು. ಮಾರನೇ ದಿನಕ್ಕೆ ತಾನಾಗೇ ಸರಿಹೋಗುತ್ತೆ. ಶನಿವಾರ ನನ್ನ ಕಣ್ಣಿಗೆ ಹಾಕಿದ್ರು. ಕಪ್ಪು ಕನ್ನಡಕ ಏರಿಸ್ಕೊಂಡು ಸೀದಾ ಊರ ಬಸ್ಸು ಹತ್ತಿದೆ.

ಬಸ್‌ಸ್ಟ್ಯಾಂಡಿಂದ ಮನೆಗೆ ನಡ್ಕೊಂಡು ಹೋಗೋ ಅಷ್ಟರಲ್ಲಿ ಸುದ್ದಿ ನನಗಿಂತ ಮುಂದೆ ಹೋಗಿತ್ತು. ಕಣ್ಣಿನ ಓದು ಓದಕ್ಕೆ ಹೋದ ಹುಡುಗಿ ಕಣ್ಣೇ ಕಳ್ಕೊಂಡು ಬಂದ್ಳಂತೆ! ಅವ್ವ ಬಾಗಿಲಲ್ಲೇ ನನ್ನ ತಬ್ಬಿಕೊಂಡು ಅಳೋಕೆ ಶುರು ಮಾಡಿದ್ಳು. ಅಕ್ಕಪಕ್ಕದವರು ಬಂದು ಸಾಲಾಗಿ ಕೂತ್ರು. "ಮದ್ವೆಗೆ ಮುಂಚೆ ಹಿಂಗಾಗ್ಬಾರ್ದಿತ್ತು" ಅಂತ ಒಬ್ಬಜ್ಜಿ. ಅಯ್ಯೋ, ಏನೂ ಆಗಿಲ್ರಮ್ಮಾ, ಔಷಧಿ ಅಂತ ಎಷ್ಟು ಹೇಳಿದ್ರೂ ಕೇಳೋರಿಲ್ಲ. ಬಂದವರು ಕಾಫಿ ಕುಡಿದ್ಮೇಲೇ ಎದ್ದಿದ್ದು.

ಅವರೆಲ್ಲ ಹೋದ್ಮೇಲೆ ಅವ್ವನ ಮಗ್ಗದಲ್ಲಿ ಒಂದು ಎಳೆ ಕಡೀತು. ಇಂಥ ಹೊತ್ತಲ್ಲಿ ಅವ್ವ ನನ್ನನ್ನೇ ಕೂಗೋದು. ನಾನು ಹೋಗಿ ಬಗ್ಗಿದೆ. ಎಳೆ ಹೋಗ್ಲಿ, ನನ್ನ ಬೆರಳೇ ನನಗೆ ಸರಿಯಾಗಿ ಕಾಣ್ತಿಲ್ಲ. ಅವ್ವ ಒಂದು ತುದಿ ಹುಡುಕ್ತಾಳೆ, ನಾನು ಇನ್ನೊಂದು ತುದಿ ಹುಡುಕ್ತೀನಿ. ಇಬ್ಬರ ತಲೆ ಡಿಕ್ಕಿ ಹೊಡೀತೇ ಹೊರತು ಎಳೆ ಸೇರ್ಲಿಲ್ಲ.

ಅವ್ವನ ಮುಖ ಅರಳಿಹೋಯ್ತು.

"ನೋಡಿದ್ಯಾ? ಓದಿರೋ ನಿಂಗೂ ಕಾಣ್ಸಲ್ಲ. ನಾನು ವರ್ಷದಿಂದ ಬಡ್ಕೊಂತಿದೀನಿ, ಬಲ್ಬೇ ಸರಿಯಿಲ್ಲ ಅಂತ!"

ಅಪ್ಪ ಎದ್ದು ಹೋಗಿ ಹೊಸ ಬಲ್ಬು ತಂದು ಹಾಕಿದ್ರು.

ತೊಂದರೆ ಏನು?

ಕೊನೇ ವರ್ಷ ಪೂರ್ತಿ ತರಬೇತಿ. ನಮ್ಮ ಕಾಲೇಜಿನವರದ್ದೇ ಒಂದು ಸಣ್ಣ ಕಣ್ಣಿನ ಕೇಂದ್ರ ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲುಗಳ ಹತ್ರ ಇದೆ. ನನ್ನನ್ನ ಅಲ್ಲಿಗೆ ಹಾಕಿದ್ರು. ಕಿಟಕಿ ತೆಗೆದ್ರೆ ಶೇಂಗಾ ಹಿಂಡಿ ವಾಸನೆ. ನಮ್ಮ ಸರ್ ಮೈಸೂರು ಕಡೆಯವರು, ತುಂಬ ಮೆದು ಮಾತು. ಮೊದಲನೇ ದಿನವೇ ಹೇಳಿದ್ರು: "ಬಂದವರನ್ನ 'ತೊಂದರೆ ಏನು' ಅಂತ ಕೇಳಬೇಕು. ಅವರು ಹೇಳಿ ಮುಗಿಸೋವರೆಗೂ ಮಧ್ಯೆ ಬಾಯಿ ಹಾಕಬಾರದು."

ಒಬ್ಬ ಹೆಂಗಸು ಬಂದು ಕೂತ್ರು. ಕೇಳಿದೆ. ಅವರು ಉಸ್ಸಪ್ಪಾ ಅಂತ ಒಂದು ಉಸಿರು ಬಿಟ್ಟು ಶುರು ಮಾಡಿದ್ರು. ಮಂಡಿ ನೋವಿಂದ ಹಿಡಿದು, ಕೊಳಾಯಿ ನೀರು, ಗಂಡನ ಬೀಡಿ, ನಾದಿನಿ ಮದುವೇಲಿ ಇವರಿಗೆ ಊಟಕ್ಕೆ ಏಳಿ ಅಂತ ಯಾರೂ ಕರೀದೇ ಇದ್ದಿದ್ದು, ಎಲ್ಲ ಬಂತು. ಕಣ್ಣು ಮಾತ್ರ ಬರ್ಲಿಲ್ಲ. ಸರ್ ಕಡೆ ನೋಡಿದೆ. ಅವರು ಮುಂದುವರಿಸು ಅಂತ ತಲೆ ಆಡಿಸಿದ್ರು. ಹೊರಗೆ ಜನ ಬೆಂಚು ಸಾಲದೆ ಮೆಟ್ಟಿಲ ಮೇಲೆ ಕೂತಿದ್ರು. ಕೊನೆಗೆ ಆಯಮ್ಮ ಸೆರಗಲ್ಲಿ ಮುಖ ಒರೆಸ್ಕೊಂಡು, "ಇಷ್ಟೇ ಕಣವ್ವಾ. ಈಗ ಹಗುರಾತು" ಅಂದ್ರು.

"ಕಣ್ಣಿಂದು ಏನು ತೊಂದ್ರೆ ಅಂತ ಹೇಳ್ಲೇ ಇಲ್ವಲ್ಲಮ್ಮಾ?"

"ಕಣ್ಣಾ? ನನ್ನ ಕಣ್ಣು ಚೆನ್ನಾಗೈತೆ. ಕಣ್ಣು ತೋರ್ಸೋಕೆ ಬಂದಿರೋರು ನಮ್ಮತ್ತೆ. ಹೊರಗೆ ಕೂತವ್ರೆ. ಅವರ ಮುಂದೆ ಇದೆಲ್ಲ ಹೇಳಕ್ಕಾಗುತ್ತಾ?"

ಸ್ವಲ್ಪ ನಡೆದು ನೋಡಿ

ಕನ್ನಡಕ ಬರೆಯೋಕೆ ಮುಂಚೆ ಒಂದು ಕಬ್ಬಿಣದ ಚೌಕಟ್ಟು ಮುಖಕ್ಕೆ ಹಾಕ್ತೀವಿ. ದುಂಡಗೆ, ಭಾರವಾಗಿ, ಪಕ್ಕದಲ್ಲಿ ತಿರುಪುಗಳು ಇರುತ್ತೆ. ಅದರೊಳಗೆ ಗಾಜು ಬದಲಾಯಿಸ್ತಾ ಹೋಗೋದು. ಯಾವುದೋ ಒಂದು ಸರಿಹೋದ್ಮೇಲೆ, ತಲೆ ಸುತ್ತುತ್ತಾ ಇಲ್ವಾ ಅಂತ ತಿಳ್ಕೊಳ್ಳೋಕೆ, "ಸ್ವಲ್ಪ ನಡೆದು ನೋಡಿ" ಅಂತ ಹೇಳ್ತೀವಿ.

ಆಂಧ್ರದ ಗಡಿ ಕಡೆಯಿಂದ ಬಂದಿದ್ದ ಒಬ್ಬ ತಾತನಿಗೂ ಹಂಗೇ ಹೇಳಿದೆ. ತಾತ ಎದ್ದರು. ಬಾಗಿಲವರೆಗೂ ನಡೆದ್ರು. "ಬಾಗುಂದಮ್ಮಾ, ಬಾಗುಂದಿ" ಅಂತ ತೆಲುಗಲ್ಲೇ ಹೊಗಳಿದ್ರು. ಹಂಗೇ ಹೊರಗೆ ಹೋದ್ರು. ನಾನು ಮುಂದಿನವರ ಹೆಸರು ಕೇಳಿ ತಿರುಗಿ ನೋಡ್ತೀನಿ, ತಾತ ಇಲ್ಲ, ಚೌಕಟ್ಟೂ ಇಲ್ಲ. ಬೀದಿ ತುದಿವರೆಗೂ ಓಡಿದೆ. ಟೀ ಅಂಗಡಿಯವರು ಹೇಳಿದ್ರು, "ದೊಡ್ಡ ಕನ್ನಡಕದ ತಾತಾನಾ? ಟೀ ಕುಡಿದು, ಬೋರ್ಡು ಓದ್ಕೊಂಡು, ಬಸ್ಸು ಹತ್ತಿದ್ರಲ್ಲ!"

ನಮಗಿದ್ದದ್ದು ಅದೊಂದೇ ಚೌಕಟ್ಟು. ಅವತ್ತು ಪೂರ್ತಿ ಗಾಜುಗಳನ್ನ ಕೈಯಲ್ಲಿ ಹಿಡ್ಕೊಂಡೇ ಪರೀಕ್ಷೆ ಮಾಡಿದೆ. ಸರ್ ಬೈಯೋಕೂ ಬರದೆ, "ನೀವು ಎಲ್ಲಿವರೆಗೆ ನಡೀಬೇಕು ಅಂತ ಹೇಳಬೇಕಿತ್ತಮ್ಮ" ಅಂತ ಪೇಚಾಡಿದ್ರು.

ಮುಂದಿನ ವಾರ ಸಂತೆ ದಿನ ತಾತ ವಾಪಸ್ ಬಂದ್ರು. ಮೂಗಿನ ಮೇಲೆ ಅದೇ ಚೌಕಟ್ಟು, ತಿರುಪಿಗೆ ದಾರ ಕಟ್ಟಿ ಕಿವಿಗೆ ಬಿಗಿಸಿದ್ರು. ನನಗೆ ಜೀವ ಬಂದಂಗಾಯ್ತು. "ನಡೆದು ನೋಡ್ದೆ ಕಣಮ್ಮಾ. ಹೊಲಕ್ಕೂ ಹೋಗಿ ಬಂದೆ. ಚೆನ್ನಾಗೈತೆ, ಸ್ವಲ್ಪ ಭಾರ ಅಷ್ಟೇ" ಅಂದ್ರು. ಅವರ ಹಿಂದೆ ಅದೇ ಊರಿನ ಇನ್ನಿಬ್ಬರು ಮುದುಕರು ನಿಂತಿದ್ರು.

"ಇವರಿಗೂ ಇದೇ ಮಾಡೆಲ್ಲು ಬೇಕಂತೆ."

ಮೂರನೇ ಸಾಲು

ತರಬೇತಿಯ ಒಂದು ಭಾಗ ಅಂದ್ರೆ ಊರೂರಿಗೆ ಹೋಗಿ ಶಿಬಿರ ಮಾಡೋದು. ಮೊಳಕಾಲ್ಮೂರಿನಲ್ಲಿ ನಮ್ಮ ಬೀದೀಲೇ ಮಾಡೋಣ ಅಂತ ಸರ್ ಹತ್ರ ಕೇಳ್ಕೊಂಡಿದ್ದು ನಾನೇ. ಊರೋರ ಕಣ್ಣೆಲ್ಲ ನೋಡಿದ್ಮೇಲೆ ಅವ್ವ ಹೆಂಗೆ ತಪ್ಪಿಸ್ಕೊಂತಾಳೆ ನೋಡೋಣ ಅನ್ನೋದು ನನ್ನ ಲೆಕ್ಕ.

ಶಾಲೆ ಕೋಣೇಲಿ ಚಾರ್ಟು ತೂಗುಹಾಕಿದ್ವಿ. ಓದಕ್ಕೆ ಬರದವರಿಗೂ ಆಗ್ಲಿ ಅಂತ ಬೇರೆ ಥರದ ಚಾರ್ಟು ಅದು. ಅಕ್ಷರ ಇರಲ್ಲ, ಮೂರು ಹಲ್ಲಿನ ಬಾಚಣಿಗೆ ಥರದ ಒಂದು ಗುರುತು, ಒಂದು ಮೇಲಕ್ಕೆ, ಒಂದು ಕೆಳಕ್ಕೆ, ಒಂದು ಎಡಕ್ಕೆ, ಒಂದು ಬಲಕ್ಕೆ ತಿರುಗಿರುತ್ತೆ. ಸಾಲು ಕೆಳಗೆ ಇಳಿದಂಗೆ ಗುರುತು ಸಣ್ಣದಾಗ್ತಾ ಹೋಗುತ್ತೆ. "ಬಾಚಣಿಗೆ ಯಾವ ಕಡೆ ಐತೆ?" ಅಂತ ಕೇಳಿದ್ರೆ ಅವರು ಕೈ ತಿರುಗಿಸಿ ತೋರಿಸ್ಬೇಕು.

ಮೊದಲು ಬಂದವನು ಎದುರುಮನೆ ಅಣ್ಣ. ಗಟ್ಟಿಮುಟ್ಟಾದ ಆಳು, ಬೀದಿ ಆ ತುದೀಲಿ ಯಾರು ಬರ್ತಿದಾರೆ ಅಂತ ಈ ತುದಿಯಿಂದ ಹೇಳೋವಷ್ಟು ಕಣ್ಣು ಚುರುಕು. ಎಲ್ಲ ಸರಿಯಾಗಿ ಹೇಳಿದ. ಆದ್ರೆ ಮೂರನೇ ಸಾಲಿನ ಕೊನೇ ಬಾಚಣಿಗೆ ಕೆಳಕ್ಕಿದ್ರೆ ಮೇಲಕ್ಕೆ ಅಂತ ತೋರಿಸಿದ. ಏನೋ ಕೈತಪ್ಪು ಅನ್ಕೊಂಡೆ. ಅವನಾದ್ಮೇಲೆ ಬಂದವರೂ ಅದೊಂದನ್ನೇ ತಪ್ಪು ಹೇಳಿದ್ರು. ಅವರಾದ್ಮೇಲೆ ಬಂದವರೂ ಅಷ್ಟೇ. ಕೆಳಗಿನ ಸಾಲುಗಳಲ್ಲಿ ಸಾಸಿವೆಯಷ್ಟಿರೋದನ್ನ ಸರಿಯಾಗಿ ಹೇಳ್ತಾರೆ, ಮೂರನೇ ಸಾಲಿನ ಕೊನೇದು ಮಾತ್ರ ಎಲ್ಲರಿಗೂ ಮೇಲಕ್ಕೆ!

ಸರ್‌ಗೆ ಕುತೂಹಲ ತಡೀಲಾಗ್ಲಿಲ್ಲ. "ಇಡೀ ಬೀದಿಗೆ ಒಂದೇ ದೋಷ! ಒಂದೇ ಜಾಗದಲ್ಲಿ! ರೇಷ್ಮೆ ಬಣ್ಣದಿಂದ ಇರಬಹುದಾ? ಇದನ್ನ ಅಧ್ಯಯನ ಮಾಡಬೇಕು ಕಣಮ್ಮ" ಅಂತ ಕಾಲೇಜಿಗೆ ಫೋನ್ ಮಾಡೋಕೆ ಹೊರಟ್ರು. ನಾನು ತಡೀರಿ ಸರ್ ಅಂತ ಹೇಳಿ ಹೊರಗೆ ಬಂದು, ಎದುರುಮನೆ ಅಣ್ಣನ್ನ ಪಕ್ಕಕ್ಕೆ ಕರೆದೆ.

"ಅಣ್ಣಾ, ನಿಜ ಹೇಳು. ಆ ಬಾಚಣಿಗೆ ಯಾವ ಕಡೆ ಐತೆ?"

"ಕೆಳಕ್ಕೈತೆ."

"ಮತ್ತೆ ಮೇಲಕ್ಕೆ ಅಂದ್ಯಲ್ಲ?"

ಅಣ್ಣ ಆ ಕಡೆ ಈ ಕಡೆ ನೋಡಿ, ದನಿ ಇಳಿಸಿದ. "ಬೇರೆ ಸಾಲಲ್ಲೆಲ್ಲ ಎರಡು ತುದೀನೂ ಒಂದೇ ಕಡೆಗೈತೆ, ಈ ಸಾಲಲ್ಲಿ ಆ ತುದೀದು ಮೇಲಕ್ಕೈತೆ. ಅಂದ್ಮೇಲೆ ಈ ತುದೀದೂ ಮೇಲಕ್ಕೇ ಇರ್ಬೇಕಲ್ಲ ತಂಗಿ. ಯಾರೋ ಬುಟ್ಟಾ ತಿರುವಿ ಹಾಕವ್ರೆ. ಪಾಪ, ಮೇಷ್ಟ್ರು ಅಷ್ಟು ದೂರದಿಂದ ತಂದವ್ರೆ, ಹತ್ತು ಜನರ ಮುಂದೆ ತಪ್ಪೈತೆ ಅಂತ ಹೆಂಗೆ ಹೇಳೋದು? ಅದಕ್ಕೆ ನಾನೇ ಸರಿ ಮಾಡಿ ಹೇಳ್ದೆ. ಸಾಲಲ್ಲಿ ನಿಂತೋರಿಗೂ ಹಂಗೇ ಹೇಳ್ರಪ್ಪಾ, ಮೇಷ್ಟ್ರ ಮರ್ಯಾದೆ ತೆಗೀಬೇಡ್ರಿ ಅಂತ ಹೇಳಿಟ್ಟೀನಿ."

ಸರ್‌ಗೆ ಇದನ್ನ ಬಿಡಿಸಿ ಹೇಳೋ ಹೊತ್ತಿಗೆ ಸಾಕುಸಾಕಾಯ್ತು. ಎಲ್ಲರನ್ನೂ ಮತ್ತೆ ಕೂರಿಸಿ, ಇದು ಸೀರೆ ಅಲ್ಲ, ಇರೋದು ಇದ್ದಂಗೆ ಹೇಳ್ರಿ ಅಂತ ಬೇಡ್ಕೊಂಡ್ವಿ.

ಕೊನೆಗೆ ಬಂದವಳು ಅವ್ವ. ಒಳ್ಳೆ ಸೀರೆ ಉಟ್ಟು, ಹೂ ಮುಡಿದು, ಇಡೀ ಬೀದಿ ನೋಡೋ ಹಂಗೆ ಬಂದು ಕೂತ್ಳು. ದೂರದ್ದು ಅವಳಿಗೆ ಚೆನ್ನಾಗೇ ಕಾಣುತ್ತೆ. ಚಾರ್ಟಿನ ಕಟ್ಟಕಡೇ ಸಾಲಿನವರೆಗೂ ಪಟಪಟ ತೋರಿಸಿಬಿಟ್ಳು.

"ಪಾಸಾ ಸಾರ್?"

"ಪಾಸಮ್ಮಾ. ಈಗ ಹತ್ತಿರದ್ದು ನೋಡೋಣ" ಅಂತ ಸರ್ ಸಣ್ಣ ಕಾರ್ಡು ಕೊಟ್ರು. ಅವ್ವ ಕೈ ಉದ್ದ ಮಾಡಿ ಹಿಡಿದ್ಳು. ಇನ್ನೂ ಉದ್ದ ಮಾಡಿದ್ಳು. ಕೈ ಮುಗೀತು. ಆಗ ಕಾರ್ಡನ್ನ ಸರ್ ಕೈಗೇ ವಾಪಸ್ ಕೊಟ್ಟು, "ನೀವೇ ಹಿಡ್ಕಳ್ರಿ. ಸ್ವಲ್ಪ ಹಿಂದಕ್ಕೆ ಹೋಗ್ರಿ ಸಾರ್. ಇನ್ನೂ ಸ್ವಲ್ಪ. ಹಾಂ, ಇನ್ನೂ ಸ್ವಲ್ಪ" ಅಂದ್ಳು. ಮರ್ಯಾದಸ್ಥ ಮನುಷ್ಯ, ಬಾಗಿಲು ದಾಟಿ ಜಗಲಿ ಮೇಲೆ ನಿಂತ್ರು.

"ಈಗ ಚೆನ್ನಾಗಿ ಕಾಣ್ತೈತೆ! ಇದ್ರಲ್ಲೂ ಪಾಸು!" ಅಂತ ಅವ್ವ ಎದ್ದು ಮನೆಗೆ ಹೋದ್ಳು.

ಸಾವ್ಕಾರ್ರು

ಸರ್ ನನ್ನ ಸಂಕಟ ನೋಡಿ ಅವ್ವನ ವಯಸ್ಸಿಗೆ ಆಗೋ ನಂಬರಿನ ಒಂದು ಕನ್ನಡಕ ಕೊಟ್ಟು ಕಳಿಸಿದ್ರು. ಗುಲಾಬಿ ಬಣ್ಣದ ಚೌಕಟ್ಟು. ಅದನ್ನ ಅವ್ವನ ಮಗ್ಗದ ಪಕ್ಕದ ಗೂಡಲ್ಲಿ ಇಟ್ಟು, ಬೇಕಾದ್ರೆ ಹಾಕ್ಕೋ ಬೇಡಾದ್ರೆ ಬಿಡು ಅಂತ ಹೇಳಿ ಕಾಲೇಜಿಗೆ ಹೋದೆ. ಅವ್ವ ಅದರ ಕಡೆ ತಿರುಗಿಯೂ ನೋಡ್ಲಿಲ್ಲ.

ಅವಳ ಮಗ್ಗದಲ್ಲಿ ಆಗ ಇದ್ದದ್ದು ಒಂದು ಮದುವೆ ಸೀರೆ. ಮೈತುಂಬ ಮಾವಿನಕಾಯಿ ಬುಟ್ಟಾ. ಅದನ್ನ ನೋಡೋಕೆ ಒಂದು ಭಾನುವಾರ ಬೆಳಿಗ್ಗೆ ಸಾವ್ಕಾರ್ರು ಬರೋರಿದ್ರು. ನಾನೂ ಊರಲ್ಲಿದ್ದೆ. ಎಷ್ಟಾದ್ರೂ ಹೆದರಿಕೆ ನೋಡಿ, ಹೊರಗಿನವರು ಯಾರೂ ಇಲ್ಲದ ಹೊತ್ತು ನೋಡಿ ಅವ್ವ ಗೂಡಿಗೆ ಕೈ ಹಾಕಿ ಕನ್ನಡಕ ಏರಿಸಿ ಸೀರೆ ಮೇಲೆ ಬಗ್ಗಿದ್ಳು. ನಾನು ಅಡುಗೆ ಮನೆ ಬಾಗಿಲ ಮರೇಲಿ ನಿಂತು ನೋಡ್ತಿದ್ದೆ.

"ಅಯ್ಯೋ ಶಿವನೇ!"

ಒಂದು ಸಾಲಿನ ಮಾವಿನಕಾಯಿಗಳಲ್ಲಿ ಕೆಲವು ಎಡಕ್ಕೆ ನೋಡೋ ಬದಲು ಬಲಕ್ಕೆ ನೋಡ್ತಿದ್ವು. ಅವ್ವ ಅಪ್ಪನ ಮೇಲೆ ತಿರುಗಿಬಿದ್ಳು. "ಪಕ್ಕದಲ್ಲೇ ಕೂತಿರ್ತೀರಲ್ರೀ, ನಿಮ್ಗೆ ಕಾಣ್ಲಿಲ್ವಾ?"

"ಕಾಣ್ತು" ಅಂದ್ರು ಅಪ್ಪ.

"ಮತ್ತೆ ಹೇಳ್ಬಾರ್ದಾ?"

"ಇನ್ನೊಬ್ಬರ ಸೀರೆ ತಪ್ಪು ಹೇಳ್ಬಾರ್ದಲ್ಲ. ಅದರಲ್ಲೂ ನಾನು ಪ್ಲೇನ್ ನೇಯೋನು."

ಅಷ್ಟರಲ್ಲಿ ಬೀದೀಲಿ ಸಾವ್ಕಾರ್ರ ಗಾಡಿ ಸದ್ದಾಯ್ತು. ಅವ್ವ ಕನ್ನಡಕ ತೆಗೆದು ಮಡಿಲಲ್ಲಿ ಅಡಗಿಸಿದ್ಳು. ಹಿಂದೆಯೇ ಎದುರುಮನೆ ಅಣ್ಣ, ಪಕ್ಕದ್ಮನೆ ದೊಡ್ಡಪ್ಪ, ಎಲ್ಲ ಬಂದು ಬಾಗಿಲಲ್ಲಿ ನಿಂತ್ರು. ಸಾವ್ಕಾರ್ರು ಸೀರೆ ಮೇಲೆ ಬಗ್ಗಿದ್ರು. ಇವತ್ತಿಗೆ ಅವ್ವನ ಬುಟ್ಟಾ ಕೆಲಸ ಮುಗೀತು ಅನ್ಕೊಂಡೆ.

ಸಾವ್ಕಾರ್ರು ತಲೆ ಹಿಂದಕ್ಕೆ ತಗೊಂಡ್ರು. ಕಣ್ಣು ಕಿರಿದು ಮಾಡಿದ್ರು. ಇನ್ನೂ ಹಿಂದಕ್ಕೆ ತಗೊಂಡ್ರು. ಬಲ್ಬಿನ ಕಡೆ ನೋಡಿದ್ರು. "ಬೆಳಕು ಸ್ವಲ್ಪ ಕಮ್ಮಿ ಐತೆ" ಅಂದ್ರು. ಆಮೇಲೆ ತಿರುಗಿರೋ ಮಾವಿನಕಾಯಿ ಮೇಲೇ ಕೈಯಾಡಿಸಿ, "ಬುಟ್ಟಾ ಅಂದ್ರೆ ಹಿಂಗಿರ್ಬೇಕು ಕಣಮ್ಮಾ!" ಅಂದುಬಿಟ್ರು.

ನಾಲ್ಕು ವರ್ಷ ಇದನ್ನೇ ಓದಿರೋಳು ನಾನು, ನನಗೆ ಗೊತ್ತಾಗಲ್ವಾ? ಇವರಿಗೂ ಕಾಣಲ್ಲ!

ಅವ್ವನಿಗೂ ಗೊತ್ತಾಗಿಹೋಯ್ತು. ಸುಮ್ಮನಿದ್ದಿದ್ರೆ ಅಲ್ಲಿಗೆ ಮುಗೀತಿತ್ತು. ಸಾವ್ಕಾರ್ರು ಎದ್ದು ಹೊರಡೋಕೂ ನಿಂತಿದ್ರು. ಅವ್ವ ಸೀರೆ ನೋಡಿದ್ಳು, ನನ್ನ ನೋಡಿದ್ಳು.

"ತಡೀರಿ ಸಾವ್ಕಾರ್ರೇ. ತಪ್ಪೈತೆ."

ಬಾಗಿಲ ಹತ್ರ ಇದ್ದವರೆಲ್ಲ ದಂಗಾಗಿ ಹೋದ್ರು. ಅವ್ವ ಮಡಿಲಿಂದ ಗುಲಾಬಿ ಕನ್ನಡಕ ತೆಗೆದು ಅವರ ಕೈಗೆ ಕೊಟ್ಳು. "ಇದನ್ನ ಹಾಕ್ಕಂಡು ನೋಡ್ರಿ. ನಂಗೂ ಇದಿಲ್ದೆ ಕಾಣಲ್ಲ, ನಿಮ್ಗೂ ಕಾಣಲ್ಲ. ಮದುವೆ ಹುಡುಗಿ ಹಸೆಮಣೆ ಮೇಲೆ ಕೂತಾಗ ಅಲ್ಲಿ ಕಣ್ಣಿರೋರು ಬಂದಿರ್ತಾರೆ. ಅವರು ನಗ್ತಾರೆ. ಪ್ಲೇನ್ ಸೀರೆ ಕೊಡೋದಾದ್ರೆ ಕೊಡ್ರಿ. ಇದನ್ನ ಮಾತ್ರ ಬಿಚ್ಚಿ ಸರಿ ಮಾಡಿ ಕೊಡ್ತೀನಿ."

ನನಗೆ ಅಳು ಬಂದುಬಿಡ್ತು.

ಸಾವ್ಕಾರ್ರು ಕನ್ನಡಕ ಹಾಕ್ಕೊಂಡ್ರು. ಸೀರೆ ನೋಡಿದ್ರು. ಜರಿ ನೋಡಿದ್ರು. ತಮ್ಮ ಅಂಗೈ ನೋಡ್ಕೊಂಡ್ರು. ಫೋನ್ ತೆಗೆದು ನೋಡಿದ್ರು. ಹಂಗೇ ತಮ್ಮ ಎದೆ ಕಡೆ ನೋಡ್ಕೊಂಡವರು ಬೆಚ್ಚಿಬಿದ್ರು.

"ಲೇ, ಅಂಗಿ ಗುಂಡಿ ಒಂದು ಬಿಟ್ಟು ಒಂದಕ್ಕೆ ಹಾಕ್ಕೊಂಡೀನಲ್ಲೋ! ಬೆಳಿಗ್ಗೆಯಿಂದ ಬೀದಿಯೆಲ್ಲ ತಿರುಗೀನಿ, ಯಾರೂ ಹೇಳ್ಲಿಲ್ವಾ?"

"ನೋಡಿದ್ವಿ ಸಾವ್ಕಾರ್ರೇ" ಅಂದ್ರು ಅಪ್ಪ. "ಹತ್ತು ಜನರ ಮುಂದೆ ತಪ್ಪು ಹೇಳ್ಬಾರ್ದು ಅಂತ ಸುಮ್ನಿದ್ವಿ."

ಸಾವ್ಕಾರ್ರು ಗುಂಡಿ ಸರಿ ಮಾಡ್ಕೊಂಡು, ಮತ್ತೊಂದ್ಸಲ ಸೀರೆ ಪೂರ್ತಿ ನೋಡಿ, ಮುಂದೆ ಬುಟ್ಟಾನೋ ಪ್ಲೇನೋ ಅಂತ ಹೇಳದೆ ಗಾಡಿ ಹತ್ತಿ ಹೋದ್ರು. ಗುಲಾಬಿ ಕನ್ನಡಕ ಅವರ ಮೂಗಿನ ಮೇಲೇ ಹೋಯ್ತು. ಅವ್ವ ಅವತ್ತು ಊಟ ಮಾಡ್ಲಿಲ್ಲ.

ಮಾರನೇ ದಿನ ಅವರ ಅಂಗಡಿಯಿಂದ ಹೇಳಿ ಕಳಿಸಿದ್ರು. ಸೀರೆ ಬಿಚ್ಚಿ ಸರಿ ಮಾಡಿ ಕೊಡ್ಲಿ. ಮುಂದಿನ ಬುಟ್ಟಾ ಸೀರೆಯೂ ಆಯಮ್ಮನಿಗೇ. ಪಕ್ಕದ್ಮನೆಯವರಿಗೂ ಬುಟ್ಟಾ ವಾಪಸ್. ಇನ್ಮೇಲೆ ಕನ್ನಡಕ ಇಲ್ಲದವರಿಗೆ ಬುಟ್ಟಾ ಸೀರೆ ಕೊಡೋದಿಲ್ಲ!

ಅವ್ವ ಕುಣಿಯೋದೊಂದು ಬಾಕಿ. ನಾನು ಅವಳಿಗೆ ಇನ್ನೊಂದು ಕನ್ನಡಕ ತಂದುಕೊಟ್ಟೆ, ಈ ಸಲ ನೀಲಿ ಚೌಕಟ್ಟು. ಎಳೆ ಕಡಿದ್ರೆ ಈಗ ನನ್ನ ಕೂಗಲ್ಲ. ಆದ್ರೆ ಮುಂದಿನ ಭಾನುವಾರ ನಾನು ಊರಿಗೆ ಬರೋ ಹೊತ್ತಿಗೆ ಮನೆ ಮುಂದೆ ಜಾತ್ರೆ. ಇಡೀ ಬೀದಿ ಸಾಲಲ್ಲಿ ನಿಂತಿತ್ತು. ಹೋದ ತಿಂಗಳು ಶಿಬಿರದಲ್ಲಿ ಪಾಸಾಗೋಕೆ ಒದ್ದಾಡಿದವರೆಲ್ಲ ಈಗ ಫೇಲಾಗೋಕೆ ಬಂದಿದ್ರು. ಎಲ್ಲರಿಗಿಂತ ಮುಂದೆ ಎದುರುಮನೆ ಅಣ್ಣ, ಗೋಡೆ ತಡವರಿಸ್ಕೊಂಡು ಬಂದು ಕೂತ.

ಚಾರ್ಟು ತೂಗುಹಾಕಿ ಕೇಳಿದೆ. "ಬಾಚಣಿಗೆ ಯಾವ ಕಡೆ ಐತೆ?"

"ಯಾವ ಬಾಚಣಿಗೆ?"

"ಗೋಡೆ ಮೇಲೆ ಚಾರ್ಟ್ ಐತಲ್ಲಣ್ಣಾ, ಅದ್ರಲ್ಲಿ."

"ಗೋಡೆ ಎಲ್ಲೈತೆ ತಂಗಿ?"

ಮಗ್ಗದ ಹತ್ರ ಕೂತಿದ್ದ ಅವ್ವ ನೀಲಿ ಕನ್ನಡಕ ಮೂಗಿನ ತುದಿಗೆ ಇಳಿಸಿ, ಅದರ ಮೇಲಿಂದ ಅವನನ್ನೇ ದಿಟ್ಟಿಸಿ ನೋಡಿ ಕೂಗಿದ್ಳು:

"ಇವ್ನಿಗೆ ಕನ್ನಡಕ ಬರೀಬೇಡ ಕಣೇ! ಮೂರನೇ ಸಾಲಲ್ಲಿ ತಪ್ಪೈತೆ ಅಂತ ಬೀದಿಗೆಲ್ಲ ಹೇಳ್ಕೊಟ್ಟೋನು ಇವ್ನೇ!"